ಕಲಾಯಿಯವನ ಹೆಸರು

ನಮ್ಮ ಮನೆಯ ಅಟ್ಟದ ಮೇಲೆ ಏಳು ಹಿತ್ತಾಳೆ ಪಾತ್ರೆಗಳಿವೆ. ದೊಡ್ಡದರಲ್ಲಿ ಒಂದು ಓಣಿಗೆ ಸಾಲುವಷ್ಟು ಸಾರು ಮಾಡಬಹುದು. ಚಿಕ್ಕದು ಹಾಲು ಕಾಯಿಸುವಂಥದು. ಈಗ ಯಾವುದರಲ್ಲೂ ಅಡುಗೆ ಆಗುವುದಿಲ್ಲ. ಒಳಗಿನ ತವರದ ಕಲಾಯಿ ಹೋಗಿದೆ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಣಸೆಹಣ್ಣು ಹಿಂಡಿದ ಸಾರು ಕುದಿಸಿದರೆ ಕಿಲುಬು ಬಿಟ್ಟು ಹೊಟ್ಟೆ ಕೆಡುತ್ತದೆ. ಹೆಂಡತಿ ಸ್ಟೀಲಿಗೆ ಹೊಂದಿಕೊಂಡಿದ್ದಾಳೆ. ಪ್ರತಿ ತಿಂಗಳು ಒಂದನೇ ತಾರೀಖು ನಾನು ಏಣಿ ಹಾಕಿ ಅವುಗಳ ಧೂಳು ಒರೆಸುತ್ತೇನೆ. ಅವು ಕಪ್ಪಾಗಲು ಕಾರಣನಾದವನು ನಾನೇ. ಹೇಗೆಂದು ಬರೆಯುತ್ತೇನೆ.

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಪೈಕಿ ಒಂದರ ಪೌರ ಕಚೇರಿಯಲ್ಲಿ ನಾನು ಕೆಲಸ ಮಾಡಿದೆ. ಯಾವ ಊರು ಎಂದು ಹೇಳುವುದಿಲ್ಲ. ಅಲ್ಲಿ ಇಂದಿಗೂ ಕೆಲಸ ಮಾಡುವವರಿದ್ದಾರೆ, ಅವರ ತಪ್ಪು ಇದರಲ್ಲಿ ಹೆಚ್ಚೇನೂ ಇಲ್ಲ. ಗುಮಾಸ್ತನಾಗಿ ಸೇರಿ ಕಚೇರಿಯ ವ್ಯವಸ್ಥಾಪಕನಾಗಿ ನಿವೃತ್ತನಾದೆ. ಒಂದು ದಿನವೂ ತಡವಾಗಿ ಹೋದವನಲ್ಲ.

ನಾನು ಬೆಳೆದದ್ದು ಮಠದ ಪ್ರಸಾದ ನಿಲಯದಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ತಣ್ಣೀರು ಸ್ನಾನ, ವಿಭೂತಿ, ಪ್ರಾರ್ಥನೆ. ಹಾಸಿಗೆ ಸುತ್ತಿಡದವನಿಗೆ ಆ ದಿನ ರೊಟ್ಟಿ ಕೊನೆಯ ಸಾಲಿನಲ್ಲಿ. ಅಲ್ಲಿಂದ ನೇರ ಕಚೇರಿಗೆ ಬಂದೆ. ಅಲ್ಲಿ ನನಗೆ ಕೆಲಸ ಕಲಿಸಿದವರು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹಳೆಯ ಪೇಶ್ಕಾರರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಕಾಗದದ ಮೇಲೆ ಗೆರೆ ಎಳೆದು ಖಾನೆ ಮಾಡುವುದನ್ನು ಅವರೇ ತೋರಿಸಿಕೊಟ್ಟರು. ಮೊದಲ ವಾರದಲ್ಲೇ ಒಂದು ಖಾನೆ ಖಾಲಿ ಬಿಟ್ಟಿದ್ದ ನನ್ನ ತಖ್ತೆಯನ್ನು, ಅಂದರೆ ಪಟ್ಟಿಯನ್ನು, ಹರಿದು ಕೈಗೆ ಕೊಟ್ಟರು.

"ಖಾನಾ ಖಾಲಿ ಬಿಡಬ್ಯಾಡ ತಮ್ಮಾ. ನೀ ಖಾಲಿ ಬಿಟ್ಟ ಜಾಗಾದಾಗ ನಾಳೆ ಯಾವನೋ ಬಂದು ತನಗ ಬೇಕಾದ್ದು ಬರೀತಾನ. ಕೆಳಗ ಸಹಿ ಮಾತ್ರ ನಿಂದಿರ್ತದ."

ಆ ಮಾತನ್ನು ನಾನು ಕೊನೆಯವರೆಗೂ ಪಾಲಿಸಿದೆ.

ಇನ್ನು ಕಲಾಯಿಯವನು. ಕೃಷ್ಣೆಯ ಆಚೆ, ತೆಲಂಗಾಣದ ಕಡೆಯ ಒಂದು ಹಳ್ಳಿಯವನು. ಶಿವರಾತ್ರಿ ಮುಗಿದು ಯುಗಾದಿ ಬರುವುದರೊಳಗೆ ವರ್ಷಕ್ಕೊಮ್ಮೆ ಬರುತ್ತಿದ್ದ. ಯಾದಗಿರಿಯಲ್ಲಿ ರೈಲಿಳಿದು ಎಂಟು ದಿನ ಅಲ್ಲಿ, ಆಮೇಲೆ ಬಸ್ಸಿನಲ್ಲಿ ಶಹಾಪುರ, ಅಲ್ಲಿಂದ ಸುರಪುರ, ಕಡೆಗೆ ಕೆಂಭಾವಿ ಸಂತೆ. ದರ್ಗಾದ ಮುಸಾಫಿರಖಾನೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಮಲಗುತ್ತಿದ್ದ. ನಮ್ಮ ಅಂಗಳಕ್ಕೆ ಬಂದರೆ ಬೇವಿನ ಮರದ ಬುಡದಲ್ಲಿ ಗುಳಿ ತೋಡಿ, ಗಾಳಿ ಊದುವ ಚರ್ಮದ ತಿದಿ ಹೂಡಿ, ಇದ್ದಿಲು ಹೊತ್ತಿಸುತ್ತಿದ್ದ. ಕಾದ ಪಾತ್ರೆಗೆ ನವಸಾಗರದ ಬಿಳಿ ಪುಡಿ ಎಸೆದರೆ ಬುಸ್ ಎಂದು ಹೊಗೆ ಏಳುತ್ತಿತ್ತು. ಆಗ ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದೇ ಸುತ್ತು ತಿಕ್ಕುತ್ತಿದ್ದ. ಕರಿ ಪಾತ್ರೆಯ ಒಳಗೆ ಬೆಳ್ಳಿ ಬಂದು ಕೂರುತ್ತಿತ್ತು. ಅವನ ಕೆಲಸದಲ್ಲಿ ಒಂದು ಕ್ರಮವಿತ್ತು. ಅದಕ್ಕೇ ನನಗೆ ಅವನು ಹಿಡಿಸಿದ್ದ. ಸಾಮಾನುಗಳನ್ನು ಪ್ರತಿ ವರ್ಷವೂ ಅದೇ ಸಾಲಿನಲ್ಲಿ ಇಡುತ್ತಿದ್ದ.

ಹೆಂಡತಿಗೂ ಅವನಿಗೂ ಮಾತಿನ ಜಟಾಪಟಿ ನಡೆಯಲೇಬೇಕು.

"ಏನಪಾ, ಹೋದ ವರ್ಷ ಮಾಡಿದ ಕಲಾಯಿ ದಸರಾಕ್ಕೇ ಹೋತು."

"ಕಲಾಯಿ ತಾನಾಗಿ ಹೋಗಿಲ್ರಿ ಅವ್ವಾರ. ನೀವು ಬೂದಿ ಹಾಕಿ ತಿಕ್ಕಿ ತಿಕ್ಕಿ ಅದನ್ನ ಮನಿ ಬಿಟ್ಟು ಓಡಿಸೀರಿ."

"ಹಂಗಾರ ಪಾತ್ರಿ ತೊಳೀದ ಇಡ್ಲೇನು?"

"ತೊಳೀರಿ. ಆದರ ಸಾಹೇಬ್ರ ಮ್ಯಾಲಿನ ಸಿಟ್ಟು ಪಾತ್ರಿ ಮ್ಯಾಲ ತೀರಿಸಬ್ಯಾಡ್ರಿ."

ಹೆಂಡತಿ ನಗುತ್ತ ಒಳಗೆ ಹೋಗಿ ಅವನಿಗೆ ರೊಟ್ಟಿ, ಪುಂಡಿಪಲ್ಯ ತರುತ್ತಿದ್ದಳು.

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಒಂದು ಯೋಜನೆ ಬಂತು. ಎಲ್ಲೋ ದೊಡ್ಡ ಊರುಗಳಲ್ಲಿ ಬಾಂಬು ಸಿಡಿದರೆ ನಮ್ಮಂಥ ಕಚೇರಿಗಳಿಗೂ ಸುತ್ತೋಲೆಗಳು ಬರುತ್ತವೆ. ಈ ಸಲ ಬಂದದ್ದು ಬರೀ ಸುತ್ತೋಲೆಯಾಗಿರಲಿಲ್ಲ. ಸುತ್ತಲಿನ ಊರುಗಳು ಸೇರಿ ಭಯೋತ್ಪಾದನೆ ತಡೆಯಲು ಮಾಹಿತಿ ಹಂಚಿಕೊಳ್ಳಬೇಕು. ಅದಕ್ಕೆ ಬೀಗ ಹಾಕುವ ಒಂದು ಕೋಣೆ, ಕಂಪ್ಯೂಟರ್, ಒಬ್ಬ ಆಪರೇಟರ್, ತಪಾಸಣೆಯ ನಾಕಾಗಳಲ್ಲಿ ಕ್ಯಾಮೆರಾ. ಖರ್ಚಿನ ಒಂದು ಪಾಲು ಮೇಲಿನಿಂದ ಕಂತಿನಲ್ಲಿ ಬರುತ್ತದೆ, ಉಳಿದದ್ದನ್ನು ಆಯಾ ಊರಿನ ಪೌರ ಕಚೇರಿ ತನ್ನ ಸ್ವಂತ ನಿಧಿಯಿಂದ ಹಾಕಬೇಕು.

ಸಾಮಾನ್ಯ ಸಭೆಯಲ್ಲಿ ನಾನು ಟಿಪ್ಪಣಿ ಓದಿದೆ. ಒಬ್ಬ ಹಿರಿಯ ಸದಸ್ಯರು ಎದ್ದರು.

"ನಮ್ಮ ವಾರ್ಡಿಗಿ ನಳದಾಗ ನೀರ ಬರೋದು ಐದ ದಿನಕ್ಕೊಮ್ಮಿ. ಭಯೋತ್ಪಾದಕ ಬಂದರ ಅವಗ ಏನ್ ಕುಡಸ್ತೀರಿ?"

"ಟ್ಯಾಂಕರ್ ಕಳಸೋಣ ಬಿಡ್ರಿ ಗೌಡ್ರ," ಎಂದರು ಎದುರಿನ ಸಾಲಿನವರು. "ಹೆಂಗಿದ್ರೂ ಅದು ನಿಮ್ಮ ಮನಿ ಮುಂದೇ ನಿಂತಿರ್ತದ."

ಎಲ್ಲರೂ ನಕ್ಕರು. ನಗು ಮುಗಿಯುವುದರೊಳಗೆ ಠರಾವು ಪಾಸಾಯಿತು. ಬೇಡ ಅಂದರೆ ದೇಶದ ಕೆಲಸಕ್ಕೆ ಅಡ್ಡ ಬಂದ ಎನ್ನುತ್ತಾರೆಂದು ಯಾರಿಗೂ ಧೈರ್ಯವಿರಲಿಲ್ಲ. ಹಣ ಹೊಂದಿಸಲು ರುದ್ರಭೂಮಿಯ ದಾರಿಗೆ ಹಾಕಬೇಕಿದ್ದ ದೀಪಗಳನ್ನು ಮುಂದಕ್ಕೆ ತಳ್ಳಿದೆವು. ಆ ದಾರಿಯಲ್ಲಿ ಇಂದಿಗೂ ದೀಪವಿಲ್ಲ.

ಕೋಣೆ ಸಿದ್ಧವಾಯಿತು. ಆಪರೇಟರ್ ಆಗಿ ಬಂದ ಹೆಣ್ಣುಮಗಳು ಗಂಡನನ್ನು ಕಳೆದುಕೊಂಡು ತವರಿನಲ್ಲಿದ್ದವಳು. ಕೆಲಸದಲ್ಲಿ ಚುರುಕು. ಅವಳ ಸಂಬಳ ಆ ಕಂತಿನ ಮೇಲೆ ನಿಂತಿತ್ತು. ತಿಂಗಳಿಗೊಮ್ಮೆ ನಾವು ಒಂದು ತಖ್ತೆ ಕಳಿಸಬೇಕು: ಗಮನಕ್ಕೆ ಬಂದ ಹೊರಗಿನವರು, ಅವರ ಊರು, ಕಸುಬು, ಸಂಗಡ ತರುವ ಸಾಮಾನು, ತಿರುಗುವ ದಾರಿ, ತಂಗುವ ಜಾಗ. ಮೊದಲ ಮೂರು ತಿಂಗಳು ಕಾಗದದ ಮೇಲೆ "ಯಾರೂ ಇಲ್ಲ" ಎಂದು ಬರೆದು ಸಹಿ ಮಾಡಿದೆ. ಅದು ಸತ್ಯವಾಗಿತ್ತು.

ಮೂರೂ ಊರುಗಳ ಜಂಟಿ ಸಭೆ ನಡೆಯಿತು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ನಮ್ಮ ಕಾಗದಗಳನ್ನು ಎತ್ತಿ ತೋರಿಸಿದರು.

"ಶೂನ್ಯ ವರದಿ ಎಂದರೆ ನಿಮ್ಮಲ್ಲಿ ಯಾರೂ ಬರುವುದಿಲ್ಲ ಎಂದಲ್ಲ. ನೀವು ನೋಡುವುದಿಲ್ಲ ಎಂದು. ನೋಡದವರಿಗೆ ಮುಂದಿನ ಕಂತು ಯಾಕೆ?"

ನನ್ನ ಸೇವೆಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಆ ತಿಂಗಳಿನಿಂದ ತಖ್ತೆ ಕಂಪ್ಯೂಟರಿಗೇ ಹೋಗಬೇಕೆಂದು ಆದೇಶವಾಯಿತು. ಗಡುವಿನ ಹಿಂದಿನ ದಿನ ಆಪರೇಟರ್ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಸರ್, ಹೆಸರಿನ ಖಾನೆ ಖಾಲಿ ಬಿಟ್ಟರ ಅದು ಮುಂದಕ್ಕ ಹೋಗವಲ್ದು."

"'ಇಲ್ಲ' ಅಂತ ಹಾಕು."

"ಹಾಕಿ ನೋಡೀನ್ರಿ. 'ಇಲ್ಲ' ಅನ್ನಾವನ ಊರು ಯಾವುದು ಅಂತ ಕೇಳಾಕತ್ತದ."

ಅವಳು ನಗಲಿಲ್ಲ. "ಈ ಕಂತು ನಿಂತರ ನಾ ಮತ್ತ ಹತ್ತಿ ಬಿಡಸಾಕ ಹೋಗಬೇಕ್ರಿ," ಎಂದು ಹೇಳಿ ಹೋದಳು.

ಅದು ಕಲಾಯಿಯವನು ಬರುವ ಹಂಗಾಮು. ಮರುದಿನ ಬೆಳಿಗ್ಗೆ ನಾನು ಪೂಜೆ ಮುಗಿಸಿ ಹೊರಗೆ ಬಂದರೆ ಅವನು ಬೇವಿನ ಬುಡದಲ್ಲಿ ಸಾಮಾನು ಬಿಚ್ಚುತ್ತಿದ್ದ. ನನ್ನ ತಲೆಯಲ್ಲಿ ಲೆಕ್ಕ ಮಿಂಚಿನಂತೆ ಮುಗಿಯಿತು. ಇವನು ಹೊರಗಿನವನು. ಇವನ ಬಗ್ಗೆ ನನಗೆ ಎಲ್ಲ ಗೊತ್ತು. ಹೆಸರು ಬರೆಯಲೇಬೇಕೆಂದರೆ ಏನೂ ತಪ್ಪು ಸಿಗದವನ ಹೆಸರು ಬರೆಯುವುದೇ ಒಳ್ಳೆಯದು. ಯಾರಾದರೂ ವಿಚಾರಿಸಿದರೂ ಕಲಾಯಿಯವನು ಎಂದು ಗೊತ್ತಾಗಿ ಬಿಟ್ಟುಬಿಡುತ್ತಾರೆ. ಖಾನೆಯೂ ತುಂಬುತ್ತದೆ, ಯಾರಿಗೂ ಕೇಡಿಲ್ಲ.

ಜೇಬಿನಿಂದ ಡೈರಿ ತೆಗೆದೆ.

"ನಿನ್ನ ಪೂರಾ ಹೆಸರು, ತಂದಿ ಹೆಸರು ಹೇಳು."

ಅವನು ಕೈ ಒರೆಸಿಕೊಂಡು ಎದ್ದು ನಿಂತ. "ಕಾರ್ಡ್ ಏನರ ಮಾಡಸ್ತೀರೇನ್ರಿ ಸಾಹೇಬ್ರ? ಕಸುಬದಾರರಿಗಿ ಸರ್ಕಾರದಿಂದ ಕೊಡಾಕತ್ತಾರಂತಲ್ಲ."

"ಕಚೇರಿಗೆ ಬೇಕು," ಎಂದೆ.

ಅವನು ಒಂದೊಂದೇ ಹೇಳಿದ. ಹೆಸರು, ಊರು. ಸಾಮಾನನ್ನು ಬೆರಳು ಮಾಡಿ ತೋರಿಸುತ್ತ ಹೇಳಿದ: ತವರ, ನವಸಾಗರ, ಇದ್ದಿಲು, ಹತ್ತಿ, ತಿದಿ. ಯಾವ ಊರಿನಲ್ಲಿ ಎಷ್ಟು ದಿನ, ಯಾವ ಬಸ್ಸು, ಎಲ್ಲಿ ಮಲಗುವುದು. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಕಚೇರಿಗೆ ಹೋಗಿ ಆಪರೇಟರ್‌ಗೆ ಕೊಟ್ಟೆ. ಮಧ್ಯಾಹ್ನದೊಳಗೆ ತಖ್ತೆ ಹೋಯಿತು, ತಿಂಗಳೊಳಗೆ ಕಂತು ಬಂತು.

ಮುಂದಿನ ವರ್ಷ ಅವನು ಯುಗಾದಿ ಮುಗಿದು ಹದಿನೈದು ದಿನಕ್ಕೆ ಬಂದ. ಮುಖ ಇಳಿದಿತ್ತು. ತಿದಿಯ ಚರ್ಮವನ್ನು ಯಾರೋ ಉದ್ದಕ್ಕೆ ಸೀಳಿದ್ದರು, ಅವನು ಮತ್ತೆ ಹೊಲಿದುಕೊಂಡಿದ್ದ. ಹೆಂಡತಿ ನೀರು ಕೊಟ್ಟು ಕೇಳಿದಾಗ ಹೇಳಿದ.

ಮೊದಲು ಒಂದೂರಿನ ನಿಲ್ದಾಣದಲ್ಲಿ ಪೊಲೀಸರು ಹಿಡಿದು ಎರಡು ದಿನ ಕೂರಿಸಿಕೊಂಡಿದ್ದರು. ಬಿಟ್ಟರು. ಮುಂದಿನೂರಿಗೆ ಹೋದರೆ ಬಸ್ಸಿನ ಬಾಗಿಲಲ್ಲೇ ಬೇರೆಯವರು ಕಾಯುತ್ತಿದ್ದರು. ಬಿಳಿ ಪುಡಿ ಏನೆಂದು ಕೇಳಿದರು. ನವಸಾಗರ ಎಂದರೆ ಅವರಿಗೆ ತಿಳಿಯಲಿಲ್ಲ. ಪರೀಕ್ಷೆಗೆ ಕಳಿಸಿದರು. ವರದಿ ಬರುವ ತನಕ ಬೆಳಿಗ್ಗೆ ಸಂಜೆ ಠಾಣೆಗೆ ಹೋಗಿ ಕೂತಿರಬೇಕು. ಏನೂ ಇಲ್ಲ ಎಂದು ವರದಿ ಬಂದ ಮೇಲೂ ಪುಡಿ ವಾಪಸು ಕೊಡಲಿಲ್ಲ. ಮೂರನೇ ಊರಲ್ಲಿ ಮತ್ತೆ ಮೊದಲಿನಿಂದ.

"ಹೊಡದರೇನು?" ಹೆಂಡತಿ ಕೇಳಿದಳು.

"ಇಲ್ರಿ ಅವ್ವಾರ. ಸುಳ್ಳು ಯಾಕ ಹೇಳ್ಲಿ. ಒಬ್ಬ ಜಮಾದಾರ ಚಾ ಕುಡಿಸಿದ. 'ನಾ ಏನ್ ಮಾಡ್ಲಿ ಚಾಚಾ, ನಿನ್ನ ಹೆಸರು ಬಂದದ' ಅಂದ."

ಆಮೇಲೆ ನನ್ನ ಕಡೆ ತಿರುಗಿದ.

"ಸಾಹೇಬ್ರ, ನೀವು ಕಚೇರಿದಾಗ ಅದೀರಿ. ನನ್ನ ಹೆಸರು ಅಷ್ಟು ತೆಗಸ್ರಿ. ಹೆಸರು ಇದ್ದರ ಈ ದಾರಿ ನನಗ ಮುಗೀತು. ಮನಿ ಮನಿ ಬಾಗಿಲಾ ಕುಂತು ಮಾಡೋ ಕಸುಬದ. ಪೊಲೀಸ್ರು ಹಿಂದ ಬಂದರ ಯಾವ ಅವ್ವ ಪಾತ್ರಿ ಕೊಡ್ತಾಳ?"

ತೆಗೆಸುತ್ತೇನೆ ಎಂದೆ. ಬರೆದವನು ನಾನು ಎಂದು ಹೇಳಲಿಲ್ಲ. ಅವನು ಉಳಿದಿದ್ದ ಸ್ವಲ್ಪ ನವಸಾಗರದಲ್ಲಿ ನಮ್ಮ ಏಳು ಪಾತ್ರೆಗಳಿಗೆ ತೆಳ್ಳಗೆ ಕಲಾಯಿ ಹಾಕಿ ಹೋದ.

ಅವನು ಹೋದ ಮೇಲೆ ಹೆಂಡತಿ ನನ್ನ ಮುಖ ನೋಡಿ ತಿಳಿದುಕೊಂಡಳು. ಡೈರಿ ಹಿಡಿದು ನಾನು ಅಂಗಳದಲ್ಲಿ ನಿಂತಿದ್ದು ಅವಳಿಗೆ ನೆನಪಿತ್ತು.

"ಸೋಲಾಪುರದಿಂದ ಚಾದರ ಮಾರಾಂವ ವರ್ಷಾ ಬರ್ತಾನಲ್ರಿ. ಅವನ ಹೆಸರು ಯಾಕ ನೆನಪಾಗಲಿಲ್ಲ ನಿಮಗ?"

"ಆ ದಿನ ಎದುರಿಗೆ ಇದ್ದವ ಇವ," ಎಂದೆ.

ಅದು ನಿಜ. ಆದರೆ ಪೂರ್ತಿ ನಿಜವಲ್ಲ. ಚಾದರದವನೂ ಹೊರಗಿನವನೇ, ಅವನೂ ಊರೂರು ತಿರುಗುವವನೇ. ಆದರೆ ಅವನ ಹಣೆಯ ಮೇಲೆ ನನ್ನಂತೆಯೇ ವಿಭೂತಿ ಇರುತ್ತಿತ್ತು. ಅವನ ಹೆಸರು ಬರೆದರೆ ಮೇಲಿನವರು ಅದನ್ನು ಹೆಸರೆಂದು ಒಪ್ಪುತ್ತಾರೋ ಇಲ್ಲವೋ ಎಂಬ ಲೆಕ್ಕ ನನ್ನೊಳಗೆ ಎಲ್ಲೋ ಆಗಿತ್ತು. ಹೆಂಡತಿಗೂ ಅದು ಗೊತ್ತಾಯಿತು. ಆ ದಿನ ಅವಳು ನನಗೆ ಬಡಿಸಿದಳು, ಸಂಗಡ ಕೂರಲಿಲ್ಲ.

ಮರುದಿನ ಆ ಕೋಣೆಗೆ ಹೋಗಿ, ನಮ್ಮ ಮಾಹಿತಿ ಬೇರೆ ಊರುಗಳಿಗೆ ಯಾವ ರೂಪದಲ್ಲಿ ಹೋಗಿದೆ ತೋರಿಸು ಎಂದು ಆಪರೇಟರ್‌ಗೆ ಹೇಳಿದೆ. ತೆರೆದು ತೋರಿಸಿದಳು. ನಾನು ಕಸುಬಿನ ಖಾನೆಯಲ್ಲಿ 'ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವುದು' ಎಂದು ಬರೆದಿದ್ದೆ. ಎರಡನೆಯ ಕಡೆ ಅದು 'ಲೋಹದ ಕೆಲಸ' ಆಗಿತ್ತು. ಮೂರನೆಯ ಕಡೆ 'ಅಲೆಮಾರಿ'. ನವಸಾಗರ ಎಂಬುದನ್ನು ಯಾರೋ ಓದಿದವರು 'ರಾಸಾಯನಿಕ' ಎಂದು ತಿದ್ದಿದ್ದರು. ಇದ್ದಿಲು, ಹತ್ತಿ ಉಳಿದಿರಲಿಲ್ಲ. ದಾರಿಯ ಖಾನೆ ಮಾತ್ರ ನಾನು ಬರೆದಂತೆಯೇ ಇತ್ತು. ಯಾವ ಊರು, ಎಷ್ಟು ದಿನ, ಯಾವ ಬಸ್ಸು. ಒಂದಕ್ಷರ ಬದಲಾಗಿರಲಿಲ್ಲ. ಅವನಿಗಾಗಿ ಬಸ್ಸಿನ ಬಾಗಿಲಲ್ಲಿ ಜನ ಕಾಯುತ್ತಿದ್ದದ್ದು ಹಾಗೆ.

"ಇದನ್ನ ಅಳಸು," ಎಂದೆ.

"ಸೇರಿಸೋ ಗುಂಡಿ ಅಷ್ಟೇ ಅದ ರಿ ಸರ್. ಅಳಸೋದು ಕೊಟ್ಟಿಲ್ಲ."

ಅಂದಿನಿಂದ ಪತ್ರ ಬರೆಯಲು ಶುರುಮಾಡಿದೆ. ಪ್ರತಿ ತಿಂಗಳು ಒಂದನೇ ತಾರೀಖು, ಬೆಳಿಗ್ಗೆ ಏಳಕ್ಕೆ, ಮೂರೂರುಗಳಿಗೂ ಒಂದೊಂದು. ಸದರಿ ವ್ಯಕ್ತಿ ಕಲಾಯಿ ಹಾಕುವವನು, ನನಗೆ ಇಪ್ಪತ್ತು ವರ್ಷಗಳಿಂದ ಪರಿಚಯ, ಹೆಸರನ್ನು ತಪ್ಪು ತಿಳಿವಳಿಕೆಯಿಂದ ನಾನೇ ಸೇರಿಸಿದೆ, ದಯವಿಟ್ಟು ತೆಗೆಯಬೇಕು. ಖುದ್ದಾಗಿಯೂ ಹೋದೆ. ಒಬ್ಬ ಅಧಿಕಾರಿ ಕೂರಿಸಿ ಸಮಾಧಾನವಾಗಿ ಮಾತನಾಡಿದರು.

"ಹಿರಿಯರೇ, ಈ ಯೋಜನೆಯಲ್ಲಿ ಸಂಗ್ರಹಕ್ಕೆ ಅನುದಾನ ಇದೆ, ಹಂಚಿಕೆಗೆ ಇದೆ. ಮರುಪರಿಶೀಲನೆಗೆ ಇಲ್ಲ. ಅದಕ್ಕೆ ಬೇರೆ ಸಮಿತಿ ಆಗಬೇಕು. ಮೇಲಾಗಿ ನಾಳೆ ಏನಾದರೂ ಆದರೆ ತೆಗೆದವರು ಯಾರು ಎಂದು ಕೇಳುತ್ತಾರೆ. ಹಾಕಿದವರನ್ನು ಯಾರೂ ಕೇಳುವುದಿಲ್ಲ."

ನಾನು ನಿವೃತ್ತನಾಗುವ ತಿಂಗಳು ಎರಡನೇ ಹಂತದ ಹಣಕ್ಕೆ ಠರಾವು ಬಂತು. ಟಿಪ್ಪಣಿಯನ್ನು ನಾನೇ ಓದಬೇಕಾಯಿತು. ಮೊದಲ ಹಂತ ಫಲಪ್ರದವಾಗಿದೆ, ಒಂದು ಊರು ಕೊಟ್ಟ ಮಾಹಿತಿಯ ಮೇಲೆ ಉಳಿದ ಊರುಗಳು ಸಕಾಲಕ್ಕೆ ಕ್ರಮ ಕೈಗೊಂಡಿವೆ ಎಂದು ಅದರಲ್ಲಿತ್ತು. ಆ ಒಂದು ಊರು ನಮ್ಮದು. ಆ ಮಾಹಿತಿ ಒಬ್ಬ ಕಲಾಯಿಯವನ ಹೆಸರು ಎಂದು ಅಲ್ಲೇ ಹೇಳಲು ನನಗೆ ಅವಕಾಶವಿತ್ತು. ಧ್ವನಿ ಸರಿ ಮಾಡಿಕೊಂಡು ಮುಂದಿನ ಸಾಲು ಓದಿದೆ. ಸದಸ್ಯರು ಮೇಜು ಬಡಿದರು.

ಅದರ ಮುಂದಿನ ಶಿವರಾತ್ರಿ ಕಳೆದ ಮೇಲೆ ಅವನು ಬಂದ. ಬೆಳಿಗ್ಗೆ ಹತ್ತರ ಬಸ್ಸಿಗೆ ಇಳಿದು ಬಂದವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಮಾತ್ರ ಇತ್ತು. ತಿದಿ ಇಲ್ಲ, ಪೆಟ್ಟಿಗೆ ಇಲ್ಲ. ಹೆಂಡತಿ ಅವನ ದನಿ ಕೇಳಿದ್ದೇ ಏಳು ಪಾತ್ರೆಗಳನ್ನೂ ತಂದು ಬೇವಿನ ಬುಡದಲ್ಲಿ ಸಾಲಾಗಿ ಇಟ್ಟಳು.

"ಸಾಮಾನು ಎಲ್ಲದಪಾ?"

"ತಂದಿಲ್ರಿ ಅವ್ವಾರ. ಸಾಹೇಬ್ರಿಗಿ ಒಂದ ಮಾತು ಕೇಳಿ ಹೋಗಬೇಕಂತ ಬಂದೆ." ನನ್ನನ್ನು ನೋಡಿದ. "ಆತೇನ್ರಿ?"

"ಇಲ್ಲ," ಎಂದೆ. ಅಷ್ಟಕ್ಕೆ ನಿಲ್ಲಿಸಲಾಗಲಿಲ್ಲ. "ನಿನ್ನ ಹೆಸರು ಬರೆದು ಕೊಟ್ಟಾಂವ ನಾನು."

ಅವನು ಚೀಲ ಪಕ್ಕಕ್ಕೆ ಇಟ್ಟು ಬೇವಿನ ಬುಡದಲ್ಲಿ ಕೂತ.

"ಗೊತ್ತದ ರಿ."

"ಯಾವಾಗಿಂದ?"

"ಮೊದಲನೇ ಊರಾಗ ಹಿಡದಾಗಿಂದ. ಕಾಗದ ಓದಿದ್ರಲ್ರಿ ಅವರು. ಇಲ್ಲಿ ಎಂಟು ದಿನ, ಅಲ್ಲಿ ಆರು ದಿನ, ಸಂತಿ ದಿನ ಕೆಂಭಾವಿ. ನಾ ಹೆಂಗ ಹೇಳಿ ಬರಸಿದ್ದೆ, ಹಂಗೇ ಇತ್ತು. ಅಷ್ಟು ಸಾಫ್ ಬರಿಯಾವ್ರು ನೀವ್ ಬಿಟ್ಟು ಯಾರದಾರ?"

"ಮತ್ತೆ ನನ್ನ ಮುಂದೆ ಬಂದು ತೆಗಸ್ರಿ ಅಂತ ಯಾಕ ಕೇಳಿದಿ?"

"ಬರದವ್ರಿಗೇ ಅಳಸಾಕ ಬರ್ತದ ಅಂತ ತಿಳಕೊಂಡಿದ್ದೆ ರಿ."

ಹೆಂಡತಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅವನು ಸಾಲಿನ ಕೊನೆಯಲ್ಲಿದ್ದ ಹಾಲಿನ ಪಾತ್ರೆ ಎತ್ತಿಕೊಂಡು, ಬಿಸಿಲಿಗೆ ಹಿಡಿದು ಒಳಗೆ ನೋಡಿದ. ಹೆಬ್ಬೆರಳಿನಿಂದ ತಳ ಉಜ್ಜಿದ.

"ಇದು ಇನ್ನ ಆರು ತಿಂಗಳು ನಡೀತದ. ಉಳಿದ ಪಾತ್ರ್ಯಾಗ ಹುಳಿ ಮಾಡಬ್ಯಾಡ್ರಿ ಅಂತ ಅವ್ವಾರಿಗಿ ಹೇಳ್ರಿ."

ಮಗಳ ಊರಿನಲ್ಲಿ ಇಟ್ಟಂಗಿ ಭಟ್ಟಿಯ ಕೆಲಸ ಸಿಕ್ಕಿದೆ, ತಿದಿಯನ್ನು ಕಮ್ಮಾರನಿಗೆ ಕೊಟ್ಟುಬಿಟ್ಟೆ ಎಂದ. ರೊಟ್ಟಿ ತಿಂದು ಹೋಗು ಎಂದು ಹೆಂಡತಿ ಒಳಗಿನಿಂದಲೇ ಕೂಗಿದಳು. ಹನ್ನೊಂದರ ಬಸ್ಸು ತಪ್ಪುತ್ತದೆ ಎಂದು ಎದ್ದ. ಅವನಿಗೆ ಬಸ್ಸುಗಳ ಸಮಯ ನನ್ನಷ್ಟೇ ಸರಿಯಾಗಿ ಗೊತ್ತಿತ್ತು.

ಆಮೇಲೂ ನಾನು ಪತ್ರ ನಿಲ್ಲಿಸಲಿಲ್ಲ. ಅವನು ಬರಲಿ ಬಿಡಲಿ, ಹೆಸರು ಹೋಗಬೇಕು. ನಿವೃತ್ತನಿಗೆ ಬೇರೇನು ಕೆಲಸ? ಮೂರು ಪತ್ರ, ಮೂರು ಲಕೋಟೆ, ಅಂಚೆ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ಒಂದು ದಿನ ಕಿರಾಣಿ ಅಂಗಡಿಯಲ್ಲಿ ಆಪರೇಟರ್ ಸಿಕ್ಕಳು. ಅವಳ ಕೆಲಸ ಎರಡನೇ ಹಂತದಲ್ಲೂ ಮುಂದುವರಿದಿತ್ತು. ಬೇಳೆ ಕಟ್ಟಿಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದಳು.

"ಸರ್, ಕೈ ಮುಗೀತೀನಿ, ಇನ್ನ ಪತ್ರ ಬರೀಬ್ಯಾಡ್ರಿ."

"ಯಾಕವ್ವ?"

"ನೀವು ಬರದಾಗೊಮ್ಮೆ ಅದನ್ನ ಅವನ ಫೈಲಿಗೆ ಸೇರಸಬೇಕ್ರಿ. ಸೇರಿಸಿದ ಕೂಡಲೇ ಅದು ಹೊಸದು ಅಂತ ಮೂರೂ ಕಡಿ ಮ್ಯಾಲ ಬರ್ತದ. ಹೋದ ತಿಂಗಳು ಅವನ ಮಗಳ ಮನಿಗೂ ಹೋಗಿ ವಿಚಾರಸ್ಯಾರಂತ."

ನಾನು ಕೈಯಲ್ಲಿದ್ದ ಲಕೋಟೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಆ ತಿಂಗಳಿನವು ಹೋಗಲಿಲ್ಲ. ಅದರ ನಂತರ ಬರೆದಿಲ್ಲ.

ಈಗಲೂ ಐದಕ್ಕೆ ಏಳುತ್ತೇನೆ. ತಣ್ಣೀರು ಸ್ನಾನ, ವಿಭೂತಿ, ಪೂಜೆ. ಒಂದನೇ ತಾರೀಖು ಏಳು ಗಂಟೆಗೆ ಕೈ ತಾನಾಗಿ ಪೆನ್ನಿಗೆ ಹೋಗುತ್ತದೆ. ಆಗ ಎದ್ದು ಹಿತ್ತಲಿನಿಂದ ಏಣಿ ತರುತ್ತೇನೆ. ಹೆಂಡತಿ ಕೆಳಗೆ ನಿಂತು ಏಣಿ ಹಿಡಿಯುತ್ತಾಳೆ. ದೊಡ್ಡದರಿಂದ ಶುರುಮಾಡಿ ಚಿಕ್ಕದರವರೆಗೆ ಏಳನ್ನೂ ಒರೆಸಿ, ಬೋರಲು ಹಾಕಿ, ಕೆಳಗಿಳಿಯುತ್ತೇನೆ.